ತಗಡು ಮುಚ್ಚುವ ಹೊತ್ತು

ಫ್ರೋಸ್ಯಾಳಿಗೆ ಐದು ವರ್ಷದಿಂದ ಚಳಿಗಾಲವೆಂದರೆ ತಲೆನೋವು ಎಂದಾಗಿಬಿಟ್ಟಿತ್ತು. ನವೆಂಬರಿನಲ್ಲಿ ಒಲೆ ಹೊತ್ತಿಸಿದ ವಾರದೊಳಗೆ ಬರುತ್ತಿತ್ತು, ಮಾರ್ಚ್ ಕಳೆದು ಒಲೆ ಆರಿದ ಮೇಲೆ ಹೋಗುತ್ತಿತ್ತು. ಬೆಳಿಗ್ಗೆ ಎದ್ದವಳೇ ಆಲೂಗಡ್ಡೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಹಣೆಗೆ ಅಂಟಿಸಿಕೊಂಡು, ಮೇಲೊಂದು ವಸ್ತ್ರ ಬಿಗಿದು, ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಸುರಿದು ಮಮಲೀಗದ ಮುದ್ದೆ ತೊಳಸಲು ನಿಲ್ಲುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಹಣೆಯ ಮೇಲೆ.

"ಯಾರದೋ ಕಣ್ಣು ಬಿದ್ದಿದೆ ನನ್ಮೇಲೆ. ಮೊನ್ನೆ ಅಂಗಡೀಲಿ ಆ ಅನೀಸ್ಯಾ ನನ್ನ ಕೋಟನ್ನೇ ನೋಡ್ತಾ ನಿಂತಿದ್ಲು."

"ಕೋಟು ಹನ್ನೆರಡು ವರ್ಷದ್ದು. ಅದರ ಮೇಲೆ ಕಣ್ಣು ಹಾಕ್ಬೇಕು ಅಂದ್ರೆ ಅವಳಿಗೆ ಕಣ್ಣು ಕಾಣ್ಸಲ್ಲ ಅಂತ ಅರ್ಥ," ಎಂದು ಗಂಡ ಗೆರಾಸಿಮ್ ನಗುತ್ತಿದ್ದ.

ಗೆರಾಸಿಮ್ ಒಲೆ ಕಟ್ಟುವವನು. ವಯಸ್ಸು ಅರವತ್ತಾರು. ಉತ್ತರ ಮಾಲ್ಡೋವಾದ ಗ್ರೂಶೆನಿ ಹಳ್ಳಿಯಲ್ಲೂ ಸುತ್ತಲಿನ ಏಳು ಹಳ್ಳಿಗಳಲ್ಲೂ ಅವನು ಕಟ್ಟಿದ ಒಲೆ ಮುನ್ನೂರಕ್ಕೆ ಕಡಿಮೆಯಿಲ್ಲ. ಗೋಡೆಯಷ್ಟು ಎತ್ತರದ ಇಟ್ಟಿಗೆಯ ಒಲೆಗಳು. ಬೆನ್ನಿಗೇ ಮಲಗುವ ಬೆಚ್ಚನೆಯ ಒಲೆಗಟ್ಟೆ. ಕೆಲಸ ಕಲಿಸಿದವನು ಅಣ್ಣ ನಿಕಾನೋರ್. ಒಲೆಗಾರನ ಕೈಗುಣವನ್ನು ಆ ಕಡೆ ಜನ ಅಳೆಯುತ್ತಿದ್ದುದು ಒಂದೇ ಒಂದರಿಂದ: ಚಿಮಣಿಯ ಗಂಟಲಿಗೆ ಅಡ್ಡ ತಳ್ಳುವ ಕಬ್ಬಿಣದ ತಗಡು ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದರಿಂದ. ಬೆಂಕಿಯ ನಾಲಗೆ ಅಡಗಿ ಕೆಂಡ ಉಳಿದಾಗ ಆ ತಗಡನ್ನು ಪೂರ್ತಿ ತಳ್ಳಿ ಮುಚ್ಚಿಬಿಡಬೇಕು, ಆಗ ಬಿಸಿ ಮೇಲಕ್ಕೆ ಹೋಗದೆ ಮನೆಯಲ್ಲೇ ನಿಲ್ಲುತ್ತದೆ. ಗೆರಾಸಿಮನ ತಗಡಿನಲ್ಲಿ ಕೂದಲು ತೂರುವಷ್ಟೂ ಸಂದಿ ಇರುತ್ತಿರಲಿಲ್ಲ.

ಇದು ಬರೀ ಒಲೆಯ ಮಾತಾಗಿರಲಿಲ್ಲ, ಹೆಣ್ಣುಮಕ್ಕಳ ಮರ್ಯಾದೆಯ ಮಾತಾಗಿತ್ತು. ಹೊಸದಾಗಿ ಬಂದ ಸೊಸೆ ತಗಡನ್ನು ಯಾವಾಗ ಮುಚ್ಚುತ್ತಾಳೆಂದು ಅತ್ತೆ ಮಾವ ಕಾದು ನೋಡುತ್ತಿದ್ದರು. ತಡಮಾಡಿ ಬಿಸಿಯನ್ನು ಚಿಮಣಿಯಿಂದಾಚೆ ಬಿಟ್ಟವಳಿಗೆ "ಗುಬ್ಬಚ್ಚಿಗಳಿಗೆ ಒಲೆ ಹಾಕೋಳು" ಎಂಬ ಹೆಸರು ಬೀಳುತ್ತಿತ್ತು, ಬಿದ್ದ ಹೆಸರು ಮೊಮ್ಮಕ್ಕಳ ಕಾಲದವರೆಗೂ ಹೋಗುತ್ತಿರಲಿಲ್ಲ. ಪ್ರತಿ ಚಳಿಗಾಲ ಯಾವುದೋ ಒಂದು ಹಳ್ಳಿಯಲ್ಲಿ ಯಾರೋ ಮಲಗಿದವರು ಏಳುತ್ತಿರಲಿಲ್ಲ. ಹೃದಯ ನಿಂತಿತು ಎನ್ನುತ್ತಿದ್ದರು. ಗಂಡಸಾದರೆ, ಕುಡಿದಿದ್ದ ಎನ್ನುತ್ತಿದ್ದರು. ತಗಡಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಮುಚ್ಚಿದ ಕೈ ಯಾರದೆಂದು ಹೇಳಬೇಕಾಗುತ್ತಿತ್ತು.

ಗೆರಾಸಿಮನ ಮಗಳು ವಿಯೋರಿಕಾ ಊರಿನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ನಲವತ್ತು ದಾಟಿದ, ಮದುವೆಯಾಗದ, ಮಾತು ಕಡಿಮೆಯ ಹೆಂಗಸು. ಶಾಲೆಯಲ್ಲಿ ಪ್ರಯೋಗದ ಸಾಮಾನೆಂದರೆ ಮುರಿದ ಎರಡು ತಕ್ಕಡಿ, ಒಂದು ಆಯಸ್ಕಾಂತ. ಹಾಗಾಗಿ ಅವಳು ಕಂಪ್ಯೂಟರಿನಲ್ಲಿ, ಬ್ರೌಸರ್ ತೆರೆದರೆ ಸಾಕು ಎನ್ನುವಂಥ ಪ್ರಯೋಗದ ಪುಟಗಳನ್ನು ತಾನೇ ಬರೆಯುವುದನ್ನು ಕಲಿತಿದ್ದಳು. ಲೋಲಕ, ಬುಗುರಿ, ನೀರಿನಲ್ಲಿ ತೇಲುವ ಮರ, ಎಲ್ಲವೂ ಪರದೆಯ ಮೇಲೆ. ಬೆರಳಿನಿಂದ ಎಳೆದರೆ ಭಾರ ಹೆಚ್ಚುತ್ತದೆ, ದಾರ ಉದ್ದವಾಗುತ್ತದೆ. ಅವಳ ಪುಟಗಳಿಗೆ ಒಂದು ಹಟವಿತ್ತು. ಮೊದಲು ಏನಾಗುತ್ತದೆಂದು ನಿಮ್ಮ ಊಹೆ ಬರೆಯದೆ ಅವು ಓಡುತ್ತಿರಲಿಲ್ಲ. ಬರೆದ ಊಹೆಯನ್ನು ಆಮೇಲೆ ಅಳಿಸಲೂ ಬರುತ್ತಿರಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ತಾಯಿ ಮಮಲೀಗದ ಪಾತ್ರೆಯ ಮುಂದೆಯೇ ಕುಸಿದು ಕುಳಿತಳು. ವಿಯೋರಿಕಾ ಅವಳನ್ನು ಅಂಗಳಕ್ಕೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದಳು. ಹಿಮದಲ್ಲಿ ಅರ್ಧ ಗಂಟೆ ಕೂತ ಮೇಲೆ ಫ್ರೋಸ್ಯಾಳ ತಲೆನೋವು ಇಳಿಯಿತು. ಒಳಗೆ ಬಂದು ಒಂದಿಷ್ಟು ಹೊತ್ತಿಗೆ ಮತ್ತೆ ಏರಿತು. ವಿಯೋರಿಕಾ ಒಲೆಯನ್ನು ನೋಡಿದಳು, ತಗಡನ್ನು ನೋಡಿದಳು, ಶಾಲೆಗೆ ಹೋದಳು.

ಎರಡು ವಾರದ ಮೇಲೆ ಊಟದ ಮೇಜಿನ ಮೇಲೆ ಕಂಪ್ಯೂಟರನ್ನಿಟ್ಟು ತಂದೆಯನ್ನು ಕರೆದಳು. ಪರದೆಯಲ್ಲಿ ಒಂದು ಕೋಣೆ, ಒಂದು ಒಲೆ, ಒಲೆಗಟ್ಟೆಯ ಮೇಲೆ ಮಲಗಿದ ಒಬ್ಬರು. ಒಲೆಯ ಮೇಲೆ ಅಡ್ಡ ಗೆರೆ, ಅದೇ ತಗಡು.

"ಅಪ್ಪ, ಬೆರಳಿಟ್ಟು ತಳ್ಳು ಅದನ್ನ. ಮೊದಲು ಇಲ್ಲಿ ಬರಿ, ತಗಡು ಪೂರ್ತಿ ಮುಚ್ಚಿದ್ರೆ ಮಲಗಿರೋರಿಗೆ ಏನಾಗುತ್ತೆ?"

"ಬೆಚ್ಚಗಾಗುತ್ತೆ. ಇನ್ನೇನಾಗುತ್ತೆ?"

"ಹಾಗೇ ಬರಿ."

ಅವನು ಒಂದೊಂದೇ ಅಕ್ಷರ ಒತ್ತಿ 'ಬೆಚ್ಚಗಾಗುತ್ತೆ' ಎಂದು ಬರೆದು ತಗಡು ತಳ್ಳಿದ. ಕೆಂಡದಿಂದ ಕೆಂಪು ಚುಕ್ಕೆಗಳು ಎದ್ದವು. ಮೊದಲು ನಾಲ್ಕಾರು, ಆಮೇಲೆ ನೂರಾರು. ಮೇಲೆ ದಾರಿಯಿಲ್ಲದೆ ಒಲೆಯ ಬಾಯಿಂದ ಕೋಣೆಗೆ ಬಂದು ನೆಲ, ಸೂರು, ಒಲೆಗಟ್ಟೆ ಎನ್ನದೆ ಎಲ್ಲ ಕಡೆ ಹರಡಿದವು. ಪರದೆಯ ಮೂಲೆಯ ಗಡಿಯಾರ ಇಪ್ಪತ್ತೆಂಟು ನಿಮಿಷ ತೋರಿಸುವಾಗ ಮಲಗಿದ್ದವರ ಬಣ್ಣ ಬದಲಾಯಿತು.

"ಇದು ಕಾರ್ಬನ್ ಮಾನಾಕ್ಸೈಡ್ ಅನ್ನೋ ಗಾಳಿ. ಬಣ್ಣ ಇಲ್ಲ, ವಾಸನೆ ಇಲ್ಲ. ಬೆಂಕಿ ಉರಿಯೋವಾಗ ಕಡಿಮೆ, ಕೆಂಡ ಉಸಿರು ಕಟ್ಟಿದಾಗ್ಲೇ ಜಾಸ್ತಿ. ಅಮ್ಮನ ತಲೆನೋವು ಇದೇ ಇರ್ಬೇಕು ಅಂತ ನನ್ನ ಊಹೆ."

ಗೆರಾಸಿಮ್ ಕುರ್ಚಿಗೆ ಒರಗಿದ. ಅವನಿಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟಿಗಿಂತ ಮೊದಲು ಬಾಯಿಗೆ ಬಂದದ್ದು ಒಲೆಗಾರನ ಪ್ರಶ್ನೆ.

"ಕೆಂಡದ ಮೇಲಿನ ನೀಲಿ ಉರಿ ಹೋದ್ಮೇಲೆ ಮುಚ್ಚಿದ್ರೆ ಏನೂ ಆಗಲ್ಲ, ಅದು ನಮ್ಮಪ್ಪನ ಕಾಲದಿಂದ ಗೊತ್ತು. ಅದು ಬಿಡು. ನಿನ್ನ ಈ ಮನೆ ಮನೇನೇ ಅಲ್ಲ ಕಣೇ, ಬಾಟ್ಲಿ! ನಾನು ಒಲೆ ಕಟ್ಟಿದ ಮನೆಗಳ ಕಿಟಕಿಗಳು ಚಳಿಗಾಲದಲ್ಲಿ ಶಿಳ್ಳೆ ಹೊಡೀತಾವೆ. ನಿನ್ನ ಚುಕ್ಕೆಗಳಿಗೆ ಶಿಳ್ಳೆ ಎಲ್ಲಿ? ನೀನು ಸಾಯ್ಸು ಅಂದ್ರೆ ಅದು ಸಾಯ್ಸುತ್ತೆ, ಚಿತ್ರ ತಾನೇ."

ಅಮ್ಮನ ಹತ್ತಿರವಾದರೆ ವಿಯೋರಿಕಾ ವಾದ ಮಾಡುತ್ತಿದ್ದಳೇನೋ. ತಂದೆಗೆ, "ಸರಿಯಾಗಿ ಹೇಳ್ದೆ. ಕಿಟಕಿ ಮರ್ತೆ ನಾನು," ಎಂದಳು. "ನಾನು ಹಾಕಿದ್ದನ್ನೇ ಅದು ವಾಪಸ್ ಕೊಡುತ್ತೆ. ನಿಜವಾದ ಒಲೇಲಿ ಅಳೆದು ನೋಡೋವರೆಗೂ ಅದು ಚಿತ್ರಾನೇ. ಅಳೆಯೋಣ್ವಾ ಅಪ್ಪ?"

ಮಗಳು ತಪ್ಪೊಪ್ಪಿಕೊಂಡದ್ದು ಅವನಿಗೆ ವಿಚಿತ್ರವೆನಿಸಿತು. ಆ ಮನೆಯಲ್ಲಿ ಯಾರೂ ಹಾಗೆ ಮಾಡಿದ್ದನ್ನು ಅವನು ಕಂಡಿರಲಿಲ್ಲ, ತನ್ನನ್ನೂ ಸೇರಿಸಿ.

ಊರ ತುದಿಯಲ್ಲಿ ಒಂದು ಖಾಲಿ ಮನೆಯಿತ್ತು. ಹಳೆಯ ಮರದ ಕಿಟಕಿ, ಒಳಗೆ ಗೆರಾಸಿಮನೇ ಕಟ್ಟಿದ ಒಲೆ. ವಿಯೋರಿಕಾ ತಾಲ್ಲೂಕು ಪಟ್ಟಣದಲ್ಲಿ ಗೆಳತಿಯೊಬ್ಬಳಿಂದ ಆ ಗಾಳಿಯನ್ನು ಅಳೆಯುವ ಅಂಗೈಯಗಲದ ಯಂತ್ರ ಕೇಳಿ ತಂದಳು. ಶನಿವಾರ ಮಧ್ಯಾಹ್ನ ಇಬ್ಬರೂ ಒಲೆ ಹಾಕಿದರು. ನೀಲಿ ಉರಿ ಪೂರ್ತಿ ಹೋಗಲೆಂದು ಗೆರಾಸಿಮ್ ಇನ್ನೂ ಹತ್ತು ನಿಮಿಷ ಹೆಚ್ಚೇ ಕಾದ. ಆಮೇಲೆ ತಗಡು ಮುಚ್ಚಿ, ಯಂತ್ರವನ್ನು ಒಲೆಗಟ್ಟೆಯ ದಿಂಬಿನ ಜಾಗದಲ್ಲಿಟ್ಟು, ಹೊರಗೆ ಬಂದು ಕಿಟಕಿಯ ಗಾಜಿಗೆ ಮುಖ ಹಚ್ಚಿ ನಿಂತರು. ಅದಕ್ಕೂ ಮೊದಲು ನೋಟ್‌ಪುಸ್ತಕದಲ್ಲಿ ಇಬ್ಬರ ಊಹೆಯೂ ಬಿದ್ದಿತ್ತು. ಒಂದು ಗಂಟೆಯ ಮೇಲೆ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಆ ವಿಷದ ಪಾಲು ಮುನ್ನೂರು ಎಂದು ಪುಟ ಹೇಳಿತ್ತು. ಸೊನ್ನೆ ಎಂದು ಗೆರಾಸಿಮ್ ಬರೆದು, ಅಡಿಯಲ್ಲಿ ಎರಡು ಗೆರೆಯನ್ನೂ ಎಳೆದಿದ್ದ.

ಗಂಟೆ ಕಳೆದಾಗ ಯಂತ್ರ ತೊಂಬತ್ತು ತೋರಿಸಿತು.

"ಟೀಚರಮ್ಮ ಫೇಲು!" ಎಂದು ಅವನು ಕೈ ತಟ್ಟಿದ. "ಮುನ್ನೂರೆಲ್ಲಿ, ತೊಂಬತ್ತೆಲ್ಲಿ!"

"ಫೇಲು," ಎಂದು ಅವಳು ಬರೆದುಕೊಂಡಳು. "ಮೂರು ಪಟ್ಟು ಜಾಸ್ತಿ ಹೇಳಿದೆ. ಕಿಟಕಿ ಸಂದಿ ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡದು. ಆದ್ರೆ ಅಪ್ಪ, ಅದು ಸೊನ್ನೆ ಅಲ್ಲ."

ಅವನ ಕೈ ಅಲ್ಲೇ ನಿಂತಿತು. ತೊಂಬತ್ತು ಅಂದರೇನೆಂದು ಕೇಳಿದ. ಮೂವತ್ತೈದಕ್ಕೇ ಯಂತ್ರ ಕೂಗಿಕೊಳ್ಳುವಂತೆ ಮಾಡಿರುತ್ತಾರೆ, ತೊಂಬತ್ತರಲ್ಲಿ ರಾತ್ರಿಯೆಲ್ಲ ಮಲಗಿದರೆ ಬೆಳಿಗ್ಗೆ ತಲೆ ಸಿಡಿಯುತ್ತದೆ ಎಂದಳು.

ಮರುದಿನ ಅವಳು ಕಿಟಕಿಯ ಸಂದಿಗಳಿಗೆಲ್ಲ ಅಗಲವಾದ ಟೇಪು ಅಂಟಿಸಿದಳು. "ಈಗ ಊರಲ್ಲಿ ಎಲ್ಲರ ಮನೇಲೂ ಇರೋದು ಪ್ಲಾಸ್ಟಿಕ್ ಕಿಟಕಿ. ಶಿಳ್ಳೆ ಹೊಡಿಯಲ್ಲ." ನಿನ್ನೆಯ ಅಳತೆಯಿಂದ ಪುಟವನ್ನು ತಿದ್ದಿದ್ದಳು. ಈ ಸಲ ಅದು ನಲವತ್ತು ನಿಮಿಷಕ್ಕೆ ಐನೂರು ಎಂದಿತು. ಗೆರಾಸಿಮ್ ಬಹಳ ಹೊತ್ತು ಪೆನ್ನು ಹಿಡಿದಿದ್ದು ನೂರು ಎಂದು ಬರೆದ.

ನಲವತ್ತು ನಿಮಿಷಕ್ಕೆ ಯಂತ್ರ ಆರುನೂರು ದಾಟಿತ್ತು. ಅದರ ಕಿರುಚಾಟ ಗಾಜಿನ ಆಚೆಗೂ ಕೇಳುತ್ತಿತ್ತು. ಒಳಗೆ ಹೊಗೆಯಿಲ್ಲ, ಮಬ್ಬಿಲ್ಲ. ಸಂಜೆಯ ಬೆಳಕಿನಲ್ಲಿ ಒಲೆಗಟ್ಟೆ ಎಂದಿನಂತೆ ಮಲಗಿಕೊಳ್ಳಲು ಕರೆಯುವಂತಿತ್ತು. ತನ್ನ ಮನೆಗೆ ಪ್ಲಾಸ್ಟಿಕ್ ಕಿಟಕಿ ಹಾಕಿಸಿದ್ದು ಯಾವಾಗ ಎಂದು ಗೆರಾಸಿಮ್ ಲೆಕ್ಕ ಹಾಕಿದ. ಐದು ವರ್ಷ. ಅಪ್ಪನ ಕಾಲದಲ್ಲೂ ಒಲೆ ಇದೇ, ತಗಡು ಇದೇ. ಆದರೆ ಆಗ ಮನೆಗಳು ತೂತಾಗಿದ್ದವು, ಆ ತೂತುಗಳೇ ಜನರನ್ನು ಉಳಿಸಿದ್ದವು.

"ಎರಡು ದಿನದ್ದೂ ಪುಟದಲ್ಲಿ ಹಾಕ್ತೀನಿ. ನನ್ನ ತಪ್ಪೂ ಸೇರ್ಸಿ," ಎಂದಳು ವಿಯೋರಿಕಾ ದಾರಿಯಲ್ಲಿ. "ಒಲೆ ಕಟ್ಟಿದವನು ಗೆರಾಸಿಮ್, ಅವನೇ ನಿಂತು ಅಳೆದ ಅಂತ ಹಾಕ್ಲಾ? ನಿನ್ನ ಹೆಸರಿದ್ರೆ ಜನ ನಂಬ್ತಾರೆ."

"ಬೇಡ."

"ಅಪ್ಪ..."

"ಮುನ್ನೂರು ಮನೆ ಇದಾವೆ. ನಾಳೆ ಮುನ್ನೂರು ಮನೆಯವರು ಬಂದು ಕೇಳ್ತಾರೆ. ಯಾರೋ ಕಟ್ಟಿದ ಒಲೆ ಅಂತ ಹಾಕು."

ಅವಳು ಹಾಗೆಯೇ ಹಾಕಿದಳು.

ಅಂದಿನಿಂದ ಗೆರಾಸಿಮ್ ತನ್ನ ಮನೆಯಲ್ಲಿ ಹೆಂಡತಿ ಮುಚ್ಚಿದ ತಗಡನ್ನು ಅವಳಿಗೆ ಕಾಣದಂತೆ ಎರಡು ಬೆರಳಗಲ ಹಿಂದಕ್ಕೆ ಎಳೆದಿಡತೊಡಗಿದ. ವಾರದೊಳಗೆ ಫ್ರೋಸ್ಯಾ ಆಲೂಗಡ್ಡೆ ಕಟ್ಟುವುದನ್ನು ಬಿಟ್ಟಳು. "ಅನೀಸ್ಯಾ ಮಗಳ ಮನೆಗೆ ಹೋಗಿದಾಳಲ್ಲ, ಅದಕ್ಕೇ," ಎಂದು ಖುಷಿಪಟ್ಟಳು. ಗೆರಾಸಿಮ್ ಅವಳಿಗೂ ಹೇಳಲಿಲ್ಲ.

ಪುಟ ಮಾತ್ರ ಊರಿನಲ್ಲಿ ಓಡಾಡಿತು. ಶಾಲೆಯ ಮಕ್ಕಳಿಂದ ತಾಯಂದಿರ ಫೋನಿಗೆ, ಅಲ್ಲಿಂದ ಇಟಲಿಯಲ್ಲಿ ದುಡಿಯುವ ಗಂಡಂದಿರ ಫೋನಿಗೆ. ಕೆಲವರು ನಕ್ಕರು. ಕೆಲವು ಹೆಂಗಸರು ಮತ್ತೆ ಮತ್ತೆ ತಗಡು ತಳ್ಳಿ ನೋಡಿದರು. ಅವರಲ್ಲಿ ನಿಕಾನೋರನ ಸೊಸೆ ದೊಕೀತ್ಸಾ ಒಬ್ಬಳು. ಮೂವತ್ತೊಂದು ವರ್ಷ, ಗಂಡ ಸಾಂಡು ಇಟಲಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ನಾಲ್ಕು ವರ್ಷ. ಅತ್ತೆ ಇಲ್ಲದ ಮನೆಯಲ್ಲಿ ಮಾವನಿಗೆ ಅಡಿಗೆ, ಹಸುವಿಗೆ ಹುಲ್ಲು, ಎಲ್ಲಾ ಅವಳದೇ. ಹೊಸ ವರ್ಷದ ಮರುದಿನ ಬೇಲಿಯ ಹತ್ತಿರ ಗೆರಾಸಿಮನನ್ನು ನಿಲ್ಲಿಸಿದಳು.

"ಚಿಕ್ಕ ಮಾವ, ವಿಯೋರಿಕಾ ಪುಟದಲ್ಲಿರೋದು ನಿಜಾನಾ? ನಿಜ ಹೇಳಿ, ನೀವು ಒಲೆ ಕಟ್ಟೋರು."

ಗೆರಾಸಿಮ್ ಕೈಗವಸು ತೆಗೆದು ಮತ್ತೆ ಹಾಕಿಕೊಂಡ. "ಎರಡು ಬೆರಳು ಬಿಟ್ಟು ಮುಚ್ಚೋದು ಒಳ್ಳೇದು."

"ನಾನು ಬಿಟ್ಟೆ. ಮಾವ ಎದ್ದು ಬಂದು ಪೂರ್ತಿ ತಳ್ಳಿದ್ರು. 'ನನ್ನ ಮಗ ಅಲ್ಲಿ ಕಲ್ಲು ಹೊತ್ತು ಸೌದೆಗೆ ಕಳಿಸ್ತಾನೆ, ನೀನಿಲ್ಲಿ ಗುಬ್ಬಚ್ಚಿಗೆ ಒಲೆ ಹಾಕ್ತೀಯಾ' ಅಂದ್ರು. ನಾನು ಮಲಗೋದು ಒಲೆಗಟ್ಟೆ ಮೇಲೆ, ಅವರು ಆಚೆ ಕೋಣೇಲಿ. ಬೆಳಿಗ್ಗೆ ಎದ್ರೆ ಕಾಲು ನಿಲ್ಲಲ್ಲ ಚಿಕ್ಕ ಮಾವ. ನೀವು ಒಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

"ಹೇಳ್ತೀನಮ್ಮ. ಇವತ್ತೇ ಬರ್ತೀನಿ."

ಅವನು ಹೋದ. ನಿಕಾನೋರ್ ಎಪ್ಪತ್ನಾಲ್ಕರ ಗಟ್ಟಿ ಮುದುಕ. ತಮ್ಮನನ್ನು ಕಂಡು ಸಂತೋಷಪಟ್ಟು ಪ್ಲಮ್ ಹಣ್ಣಿನ ಸಾರಾಯಿ ಸುರಿದ. ದೊಕೀತ್ಸಾ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಂದಿಟ್ಟು, ಬಾಗಿಲ ಬಳಿ ಒರಸುವ ಬಟ್ಟೆ ಹಿಡಿದು ನಿಂತಳು. ಕಿಟಕಿಗಳು ಹೊಸವು, ಬೆಳ್ಳಗೆ ಹೊಳೆಯುತ್ತಿದ್ದವು. ಹೋದ ಬೇಸಿಗೆಯಲ್ಲಿ ಸಾಂಡು ಕಳಿಸಿದ ದುಡ್ಡಿನಲ್ಲಿ ಹಾಕಿಸಿದ್ದು. ಅದೇ ಬೇಸಿಗೆಯಲ್ಲಿ ಗೆರಾಸಿಮ್ ಆ ಒಲೆಗೆ ಹೊಸ ತಗಡು ಕೂರಿಸಿದ್ದ.

"ಅಣ್ಣ, ಈ ತಗಡು... ಎರಡು ಬೆರಳು ಬಿಟ್ಟು ಮುಚ್ಚಿದ್ರೆ ಒಳ್ಳೇದಂತೆ."

"ಒಳ್ಳೇದಂತೆ? ಯಾರಂತೆ?"

"ಪುಟದಲ್ಲಿದೆ. ವಿಯೋರಿಕಾ ಮಾಡಿದ್ದು."

ನಿಕಾನೋರ್ ಹೊಟ್ಟೆ ಅಲುಗಿಸಿ ನಕ್ಕ. "ಲೋ ಗೆರಾಸಿಮ್! ಒಲೆ ಕಟ್ಟಿದ್ದು ನೀನೋ, ಪುಟಾನೋ? ಐವತ್ತು ವರ್ಷ ಮಸಿ ಹೊತ್ತು, ಈಗ ಫೋನಿಂದ ಒಲೆ ಕಲೀತೀಯಾ? ಆ ಪುಟಕ್ಕೆ ಒಂದು ರೊಟ್ಟಿ ಸುಡೋಕೆ ಹೇಳು ನೋಡೋಣ. ನಮ್ಮಪ್ಪ ಮುಚ್ಚಿದ, ನಮ್ಮಜ್ಜ ಮುಚ್ಚಿದ. ಸತ್ರಾ?"

"ಆಗ ಕಿಟಕಿ ಬೇರೆ ಇತ್ತು ಅಣ್ಣ."

"ಕಿಟಕಿಗೂ ಒಲೆಗೂ ಏನೋ ಸಂಬಂಧ? ನೀನೇ ನೋಡಿದೀಯಾ, ಕೆಂಡದಿಂದ ಯಾರಿಗಾದ್ರೂ ಏನಾದ್ರೂ ಆಗಿದ್ದನ್ನ? ನಿನ್ನ ಕಣ್ಣಾರೆ?"

ಆ ಪ್ರಶ್ನೆಗೆ ಉತ್ತರ ಗೆರಾಸಿಮನ ನಾಲಗೆಯ ಮೇಲೇ ಇತ್ತು. ನೋಡಿದೀನಿ ಅಣ್ಣ, ಗಾಜಿನಾಚೆ ನಿಂತು ನೋಡಿದೀನಿ, ನನ್ನದೇ ಒಲೆ, ಆರುನೂರು. ಅವನು ಲೋಟ ಎತ್ತಿ ಒಂದು ಗುಟುಕು ಕುಡಿದ.

"ನಾನೇನು ನೋಡಿಲ್ಲ. ಹೇಳ್ತಾರೆ, ಅಷ್ಟೆ."

"ಹೇಳೋರು ಹೇಳ್ಲಿ. ಸೊಸೆ, ಇನ್ನೊಂದು ಸೌತೆಕಾಯಿ ತಾ."

ಬಾಗಿಲ ಬಳಿ ನಿಂತಿದ್ದ ದೊಕೀತ್ಸಾ ಗೆರಾಸಿಮನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು.

ಒಂಬತ್ತು ದಿನ ಕಳೆಯಿತು. ಆ ಒಂಬತ್ತೂ ದಿನ, ನಾಳೆ ಹೋಗಿ ಸರಿಯಾಗಿ ಹೇಳಬೇಕು ಎಂದುಕೊಂಡೇ ಅವನು ಎದ್ದ. ಒಂದು ದಿನ ಹಿಮ ಜಾಸ್ತಿಯಿತ್ತು. ಒಂದು ದಿನ ಬೆನ್ನು ಹಿಡಿದಿತ್ತು. ಒಂದು ದಿನ ಯಾವ ನೆಪವೂ ಇರಲಿಲ್ಲ, ಆದರೂ ಹೋಗಲಿಲ್ಲ.

ಹತ್ತನೆಯ ಬೆಳಿಗ್ಗೆ ನಿಕಾನೋರನ ಹಸು ಹಾಲು ಕರೆಯುವವರಿಲ್ಲದೆ ಒಂದೇ ಸಮನೆ ಕೂಗುತ್ತಿತ್ತು. ಅದು ಕೇಳಿ ನೆರೆಯವರು ಹೋದರು.

ದೊಕೀತ್ಸಾಳನ್ನು ಬಿಳಿ ಹೊದಿಕೆಯ ಮೇಲೆ ಮಲಗಿಸಿದ್ದರು. ಕೆನ್ನೆ ತುಂಬಿ ಗುಲಾಬಿಯಾಗಿತ್ತು, ತುಟಿ ಕೆಂಪಾಗಿತ್ತು. ಸುತ್ತ ಕೂತ ಹೆಂಗಸರು, "ಎಷ್ಟು ಚೆನ್ನಾಗಿ ಮಲಗಿದಾಳೆ ನೋಡ್ರೇ, ಮದುವೆ ಹುಡುಗಿ ಹಾಗೆ," ಎಂದು ಅತ್ತರು. ಗೆರಾಸಿಮ್ ಆ ಬಣ್ಣವನ್ನು ಹಿಂದೆ ನಾಲ್ಕೈದು ಮನೆಗಳಲ್ಲಿ ಕಂಡಿದ್ದ. ಅದು ಕೆಂಡದ ಗಾಳಿ ಹಚ್ಚುವ ಬಣ್ಣವೆಂದು ಅವನಿಗೆ ಎಷ್ಟೋ ವರ್ಷಗಳಿಂದ ಒಳಗೊಳಗೇ ಗೊತ್ತಿತ್ತು ಎಂಬುದು ಈಗ ಗೊತ್ತಾಯಿತು. ನಿಕಾನೋರ್ ಆಚೆ ಕೋಣೆಯಲ್ಲಿ ವಾಂತಿ ಮಾಡಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿದ್ದ. ಊರಿನ ಕಾಂಪೌಂಡರು ಬಂದು ನಾಡಿ ನೋಡಿ, ಮನೆಯವರ ಮುಖ ನೋಡಿ, ಹೃದಯ ಎಂದು ಬರೆದು ಹೋದ.

ಸಾಂಡು ಎರಡು ಹಗಲು ಎರಡು ರಾತ್ರಿ ಬಸ್ಸಿನಲ್ಲಿ ಕೂತು ಬಂದ. ಹೆಂಡತಿಯ ಮುಖ ನೋಡಲು ಅವನಿಗೆ ಸಿಕ್ಕಿದ್ದು ಒಂದು ಗಂಟೆ.

ಹೂಳಿ ಬಂದ ಮೇಲೆ ಪದ್ಧತಿಯಂತೆ ಊಟ. ಉದ್ದ ಮೇಜು, ಸಿಹಿ ಹಾಕಿ ಬೇಯಿಸಿದ ಗೋಧಿ, ಹೆಣೆದ ರೊಟ್ಟಿ, ಎಲೆಕೋಸಿನ ಸುರುಳಿ, ವೈನು. ಒಲೆ ಉರಿಯುತ್ತಿತ್ತು. ಅರವತ್ತು ಎಪ್ಪತ್ತು ಜನ ಎರಡು ಕೋಣೆಗಳಲ್ಲಿ ಒತ್ತಿಕೊಂಡು ಕೂತಿದ್ದರು. ಪಾದ್ರಿ ಪ್ರಾರ್ಥನೆ ಮುಗಿಸಿದ. ನಿಕಾನೋರ್ ಎದ್ದು ನಿಂತು, ಲೋಟ ಹಿಡಿದು, "ದೇವರು ಕೊಟ್ಟ, ದೇವರು ಕರ್ಕೊಂಡ. ಹುಡುಗಿ ಹೃದಯ ಮೊದ್ಲಿಂದ್ಲೂ ದುರ್ಬಲ," ಎಂದ. ಎಲ್ಲರೂ ತಲೆ ಆಡಿಸಿದರು. ಹೌದು, ದುರ್ಬಲ. ಹೌದು, ತೆಳ್ಳಗಿದ್ದಳು.

ಸಾಂಡು ತಲೆಯೆತ್ತಲಿಲ್ಲ. ಮೇಜಿನ ಮೇಲೆ ದೊಕೀತ್ಸಾಳ ಫೋನನ್ನು ಇಟ್ಟುಕೊಂಡು ಬೆರಳಿನಿಂದ ಅದರ ಅಂಚು ಸವರುತ್ತಿದ್ದ.

"ಚಿಕ್ಕಪ್ಪ," ಎಂದು ಕರೆದ. "ಇದರಲ್ಲಿ ವಿಯೋರಿಕಾ ಪುಟ ತೆರೆದೇ ಇದೆ. ಹನ್ನೊಂದು ಸಲ ಊಹೆ ಬರ್ದಿದಾಳೆ. ಕೊನೇದು, 'ಎರಡು ಬೆರಳು ಬಿಟ್ಟರೆ ಬದುಕುತ್ತೇನೆ' ಅಂತಿದೆ. ಇದೇನು?"

ವಿಯೋರಿಕಾ ಏಳಲು ಹೋದಳು. ಗೆರಾಸಿಮ್ ಅವಳ ಹೆಗಲ ಮೇಲೆ ಕೈಯೂರಿ, ಅದರ ಆಸರೆಯಿಂದಲೇ ತಾನು ಎದ್ದ.

"ಹೃದಯ ಅಲ್ಲ. ಒಲೆ," ಎಂದ.

"ಗೆರಾಸಿಮ್!" ಎಂದ ನಿಕಾನೋರ್.

"ಒಲೆ, ಅಣ್ಣ. ನಾನು ಕೂರಿಸಿದ ತಗಡು, ಕೂದಲೂ ತೂರಲ್ಲ. ಕೆಂಡದ ಗಾಳಿಗೆ ಮೇಲೆ ದಾರಿ ಇರ್ಲಿಲ್ಲ, ಹೊಸ ಕಿಟಕೀಲೂ ಇರ್ಲಿಲ್ಲ. ಹುಡುಗಿ ಅದರೊಳಗೆ ಮಲಗಿದ್ಲು. ನೀನು ನನ್ನ ಕೇಳ್ದೆ, ಕಣ್ಣಾರೆ ನೋಡಿದೀಯಾ ಅಂತ. ನೋಡಿಲ್ಲ ಅಂದೆ. ನೋಡಿದ್ದೆ. ಖಾಲಿ ಮನೇಲಿ, ನನ್ನದೇ ಒಲೆ ಹಾಕಿ ಅಳೆದು ನೋಡಿದ್ದೆ. ನನ್ನ ಊಹೆ ಎರಡು ಸಲಾನೂ ತಪ್ಪಾಯ್ತು. ನನ್ನ ಮಗಳದೂ ಒಂದ್ಸಲ ತಪ್ಪಾಯ್ತು, ಅವಳು ಅದನ್ನ ಊರಿಗೆಲ್ಲ ಕಾಣೋ ಹಾಗೆ ಬರೆದ್ಲು. ನಾನು ಬಚ್ಚಿಟ್ಟೆ. ನನ್ನ ಮನೇಲಿ ಮಾತ್ರ ಎರಡು ಬೆರಳು ಬಿಟ್ಕೊಂಡು, ನನ್ನ ಹೆಂಡ್ತಿ ತಲೆನೋವು ವಾಸಿ ಮಾಡ್ಕೊಂಡು, ಸುಮ್ನೆ ಕೂತೆ."

ಫ್ರೋಸ್ಯಾ ಹಣೆಗೆ ಕೈ ಒಯ್ದಳು.

"ಈ ಹುಡುಗಿ ಬೇಲಿ ಹತ್ರ ನಿಂತು ಕೇಳಿದ್ಲು, ನಿಜ ಹೇಳಿ ಅಂತ. ಹೇಳ್ಲಿಲ್ಲ. ಹೆಸರು ಹೋಗುತ್ತೆ ಅಂತ ಹೇಳ್ಲಿಲ್ಲ."

ನಿಕಾನೋರ್ ಲೋಟವನ್ನು ಮೇಜಿಗೆ ಕುಟ್ಟಿದ. "ಅಂದ್ರೆ ನಾನು ಕೊಂದೆ ಅಂತೀಯಾ? ನನ್ನ ಮನೇಲಿ, ನನ್ನ ಮಗನ ಮುಂದೆ?"

"ನೀನು ನಂಬಿ ಮುಚ್ದೆ. ನಾನು ಗೊತ್ತಿದ್ದೂ ಸುಮ್ನಿದ್ದೆ. ನನ್ನದು ದೊಡ್ಡದು, ಅಣ್ಣ."

ನಿಕಾನೋರ್ ಮಗನ ಮುಖ ನೋಡಿದ. ನಿಧಾನವಾಗಿ ತಿರುಗಿ ಆಚೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸಾಂಡು ಅಳುತ್ತಿರಲಿಲ್ಲ. ಎದ್ದು ಹೋಗಿ ಬರಿಗೈಯಲ್ಲೇ ತಗಡಿನ ಹಿಡಿಯನ್ನು ಹಿಡಿದು ಎಳೆದ. ಕೈ ಸುಟ್ಟರೂ ಬಿಡಲಿಲ್ಲ, ಪೂರ್ತಿ ಹೊರಗೆ ಬರುವವರೆಗೆ ಎಳೆದು, ಕಿಟಕಿ ತೆಗೆದು ಹಿಮಕ್ಕೆ ಎಸೆದ.

ಯಾರೂ ಗೆರಾಸಿಮನ ಪಕ್ಕದಲ್ಲಿ ಉಳಿಯಲಿಲ್ಲ, ಯಾರೂ ಅವನನ್ನು ಬಯ್ಯಲೂ ಇಲ್ಲ. ಒಬ್ಬೊಬ್ಬರೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಎದ್ದರು. ಮಗಳ ಮನೆಯಿಂದ ಮಣ್ಣಿಗೆಂದು ಬಂದಿದ್ದ ಅನೀಸ್ಯಾ ಮುದುಕಿ ಮಾತ್ರ ಕೋಲೂರಿ ಅವನ ಮುಂದೆ ನಿಂತಳು. ಮೂರು ವರ್ಷದ ಹಿಂದೆ ಅವಳ ಗಂಡ ಹೋಗಿದ್ದೂ ಜನವರಿಯಲ್ಲೇ, ಮಲಗಿದಲ್ಲೇ. ಕುಡಿದಿದ್ದ ಎಂದು ಊರು ಹೇಳಿತ್ತು.

"ಅವರು ಆ ದಿನ ಕುಡಿದಿರ್ಲಿಲ್ಲ ಗೆರಾಸಿಮಣ್ಣ," ಎಂದಳು. "ನಾನು ಎಲ್ಲರಿಗೂ ಹೇಳ್ದೆ. ಯಾರೂ ನಂಬ್ಲಿಲ್ಲ." ಅವಳು ಕೋಲೂರಿಕೊಂಡು ಹೊರಗೆ ಹೋದಳು.

ಮನೆಗೆ ಬಂದ ಮೇಲೆ ವಿಯೋರಿಕಾ ಕೇಳದಿದ್ದರೂ ಗೆರಾಸಿಮ್, "ನನ್ನ ಹೆಸರು ಹಾಕು ಪುಟದಲ್ಲಿ. ನನ್ನ ಊಹೆ ಎರಡೂ ಹಾಕು, ಸೊನ್ನೆ ಒಂದು, ನೂರು ಒಂದು," ಎಂದ. ಅವಳು ಹಾಕಿದಳು.

ಮರುದಿನದಿಂದ ಅವನು ಕೊರೆಯುವ ಯಂತ್ರ, ಅರ, ಅಳತೆಯ ಯಂತ್ರ ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೊರಟ. ತಗಡನ್ನು ಹೊರತೆಗೆದು ಅದರಲ್ಲಿ ಎರಡು ಬೆರಳು ತೂರುವ ತೂತು ಕೊರೆದು ಮತ್ತೆ ಕೂರಿಸುವುದು. ಮುಚ್ಚಿದರೂ ಪೂರ್ತಿ ಮುಚ್ಚದ ಹಾಗೆ. ಕಾಸು ಬೇಡ. ಮೊದಲ ಮನೆಯಲ್ಲಿ ನಾಯಿ ಬಿಟ್ಟರು. ಎರಡನೆಯ ಮನೆಯವರು ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಂಡರು. ಮೂರನೆಯದರಲ್ಲಿ ಮನೆಯ ಯಜಮಾನ ಹೊಸ್ತಿಲ ಮೇಲೇ ನಿಂತು, "ಸತ್ತವಳ ಮನೇಲಿ ಆಡಿದ್ದು ಸಾಲ್ದಾ? ನಮಗೂ ಶವಸಂಸ್ಕಾರ ಮಾಡೋಕೆ ಬಂದ್ಯಾ?" ಎಂದ. ಗೆರಾಸಿಮ್, ನಾಳೆ ಮತ್ತೆ ಬರ್ತೀನಿ ಎಂದು ಮುಂದಿನ ಗೇಟಿಗೆ ನಡೆದ.

ಅಲ್ಲಿ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡ ಹೆಂಗಸೊಬ್ಬಳು ಬಾಗಿಲು ಅರ್ಧ ತೆರೆದಳು. ಹಿಂದಿನ ಕೋಣೆಯಿಂದ ಅತ್ತೆಯ ದನಿ, "ಯಾರೇ ಅದು? ಅವನಾ? ಬೇಡ ಅನ್ನು! ಬಿಸಿಯೆಲ್ಲ ಹೋಗುತ್ತೆ!"

ಹೆಂಗಸು ಗೆರಾಸಿಮನನ್ನು ನೋಡಿದಳು. "ಹೋಗುತ್ತಾ?"

"ಹೋಗುತ್ತೆ," ಎಂದ ಅವನು. "ಸ್ವಲ್ಪ ಹೋಗುತ್ತೆ. ದಿನಕ್ಕೆ ಒಂದು ತೆಕ್ಕೆ ಸೌದೆ ಜಾಸ್ತಿ ಬೇಕಾಗುತ್ತೆ. ಸುಳ್ಳು ಹೇಳಲ್ಲ."

ಅವಳು ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡಳು. ಒಳಗಿನ ದನಿ ಇನ್ನೂ ಕೂಗುತ್ತಲೇ ಇತ್ತು.

"ಬೂಟು ಅಲ್ಲೇ ಬಿಡಿ," ಎಂದು ಬಾಗಿಲನ್ನು ಪೂರ್ತಿ ತೆರೆದಳು. "ಒಲೆ ಒಳಗಿದೆ."